ಇಂಟರ್‌ಫೇಸ್‌ಗೆ ಕೊಟ್ಟ ಮಾತು

ಊರಿನ ಹಾಲಿನ ಸೊಸೈಟಿಗೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಯಾರು ಎಷ್ಟು ಲೀಟರ್ ಹಾಲು ಹಾಕಿದ್ದಾರೆ ಎಂದು ಕಡಿಮೆಯಿಂದ ಜಾಸ್ತಿಗೆ ಪಟ್ಟಿ ಬರಬೇಕಿತ್ತು. ಅದಕ್ಕೆ ಸದಸ್ಯರ ಕ್ಲಾಸ್‌ನಲ್ಲಿ ಕಂಪೇರಬಲ್ ಇಂಟರ್‌ಫೇಸ್ ಇಂಪ್ಲಿಮೆಂಟ್ ಮಾಡಿದೆ. ಕ್ಲಾಸ್ ಎಂದರೆ ಸದಸ್ಯರ ವಿವರ ಇಡುವ ಕೋಡ್ ಭಾಗ; ಇಂಟರ್‌ಫೇಸ್ ಎಂದರೆ ಇಂಥ ಮೆಥಡ್‌ಗಳು, ಅಂದರೆ ಇಂಥ ಕೆಲಸ ಮಾಡುವ ಕೋಡ್, ನನ್ನಲ್ಲಿದೆ ಎಂದು ಆ ಕ್ಲಾಸ್ ಕೊಡುವ ಮಾತು. ಕಂಪೇರಬಲ್ ಕೇಳುವುದು ಒಂದೇ ಮೆಥಡ್, ಇಬ್ಬರನ್ನು ಹೋಲಿಸುವ ಕಂಪೇರ್‌ಟು. ಈ ಸದಸ್ಯರ ಹಾಲು ಜಾಸ್ತಿ ಇದ್ದರೆ 1, ಇಲ್ಲದಿದ್ದರೆ -1 ಎಂದು ಬರೆದೆ. ಕಂಪೈಲ್ ಆಯಿತು, ಅಂದರೆ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಕಂಪೈಲರ್ ತಕರಾರು ಮಾಡಲಿಲ್ಲ. ಹತ್ತು ಹೆಸರು ಹಾಕಿ ನೋಡಿದೆ, ಪಟ್ಟಿ ಸರಿಯಾಗಿ ಬಂತು.

ಪೂರ್ತಿ ಸದಸ್ಯರನ್ನು ಹಾಕಿದ ದಿನ ಪ್ರೋಗ್ರಾಮ್ ನಿಂತುಹೋಯಿತು. ‘ಕಂಪ್ಯಾರಿಸನ್ ಮೆಥಡ್ ವಯೊಲೇಟ್ಸ್ ಇಟ್ಸ್ ಜನರಲ್ ಕಾಂಟ್ರ್ಯಾಕ್ಟ್’ ಎಂಬ ಎರರ್. ಹೋಲಿಸುವ ಮೆಥಡ್ ತನ್ನ ಒಪ್ಪಂದವನ್ನೇ ಮುರಿದಿದೆ ಎಂದರ್ಥ. ಕಾಂಟ್ರ್ಯಾಕ್ಟ್? ನಾನು ಓದಿಯೇ ಇರಲಿಲ್ಲ. ಜಾವಾದ ವಿವರಣೆ ಪುಟಗಳಾದ ಜಾವಾಡಾಕ್ ತೆರೆದೆ. ಸಮ ಇದ್ದರೆ 0 ಬರಬೇಕು. ಇಬ್ಬರನ್ನು ಅದಲುಬದಲು ಮಾಡಿ ಕೇಳಿದರೆ ಚಿಹ್ನೆಯೂ ಉಲ್ಟಾ ಆಗಬೇಕು. ನನ್ನ ಕೋಡ್‌ನಲ್ಲಿ ಇಬ್ಬರೂ 8.5 ಲೀಟರ್ ಹಾಕಿದ್ದರೆ, ಯಾರನ್ನು ಮೊದಲು ಕೇಳಿದರೂ ‘ನಾನೇ ಕಡಿಮೆ’ ಎನ್ನುತ್ತಿದ್ದರು. ಕಂಪೈಲರ್ ನೋಡುವುದು ಮೆಥಡ್ ಇದೆಯಾ, ಅದರ ಟೈಪ್ ಸರಿ ಇದೆಯಾ ಎಂದು ಮಾತ್ರ. ಕೊಟ್ಟ ಮಾತು ಉಳಿಸಿಕೊಂಡಿದ್ದೀಯಾ ಎಂದು ಅದು ಕೇಳುವುದಿಲ್ಲ.

ಹಾಗಾದರೆ ಹತ್ತು ಹೆಸರಿಗೆ ಯಾಕೆ ಸುಮ್ಮನಿತ್ತು? 2011ರಲ್ಲಿ ಬಂದ ಜಾವಾ 7ರಿಂದ ಆಬ್ಜೆಕ್ಟ್‌ಗಳ (ನನ್ನ ಸದಸ್ಯರಂಥವುಗಳ) ಸಾರ್ಟಿಂಗ್‌ಗೆ, ಅಂದರೆ ಕ್ರಮವಾಗಿ ಜೋಡಿಸಲು, ಟಿಮ್‌ಸಾರ್ಟ್ ಎಂಬ ವಿಧಾನ ಬಳಸುತ್ತಾರೆ. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್ ಎಂಬ ಇನ್ನೊಂದು ಭಾಷೆಗಾಗಿ ಬರೆದದ್ದು ಅದು. ಜಾವಾದಲ್ಲಿ 32ಕ್ಕಿಂತ ಕಡಿಮೆ ಇದ್ದರೆ ಅದು ಒಂದೊಂದನ್ನೇ ಜಾಗ ನೋಡಿ ಸೇರಿಸುತ್ತದೆ ಅಷ್ಟೇ. ಜಾಸ್ತಿ ಇದ್ದಾಗ ತುಂಡು ತುಂಡಾಗಿ ಜೋಡಿಸಿ ಕೊನೆಗೆ ಬೆಸೆಯುತ್ತದೆ. ಆ ಬೆಸುಗೆಯಲ್ಲೇ ನನ್ನ ಎಡವಟ್ಟು ಉತ್ತರಗಳು ಸಿಕ್ಕಿಬಿದ್ದವು. ಪ್ರತಿ ಸಲವೂ ಹೀಗೆ ಸಿಕ್ಕಿಬೀಳುತ್ತದೆ ಎಂದೇನಿಲ್ಲ. ನನಗೆ ಭಯವಾಗಿದ್ದು ಅದಕ್ಕೇ.

ಡಬಲ್ ಕ್ಲಾಸ್‌ನ ಕಂಪೇರ್ ಮೆಥಡ್ ಬಳಸಿ ಸರಿಮಾಡಿದೆ. ದಶಮಾಂಶ ಸಂಖ್ಯೆಗಳನ್ನು ಹೋಲಿಸಲು ಜಾವಾದಲ್ಲೇ ಇರುವ ಮೆಥಡ್ ಅದು; ಸಮ ಇದ್ದರೆ 0 ಕೊಡುತ್ತದೆ. ಎರರ್ ಹೋಯಿತು. ಆದರೆ ಇನ್ನೊಂದು ಕಡೆ ಅದೇ ಸದಸ್ಯರನ್ನು ಟ್ರೀಸೆಟ್‌ನಲ್ಲಿ ಇಟ್ಟಿದ್ದೆ. ಒಂದೇ ವಸ್ತುವನ್ನು ಎರಡು ಸಲ ಇಟ್ಟುಕೊಳ್ಳದೆ, ಕ್ರಮವಾಗಿ ಜೋಡಿಸಿಡುವ ಸಂಗ್ರಹ ಅದು. ಅಲ್ಲಿ ಕೆಲವರು ಕಾಣೆಯಾದರು! ಟ್ರೀಸೆಟ್ ಎರಡೂ ಒಂದೇನಾ ಎಂದು ಹೇಳುವ ಈಕ್ವಲ್ಸ್ ಮೆಥಡ್ ಅನ್ನು ಕೇಳುವುದೇ ಇಲ್ಲ. ಕಂಪೇರ್‌ಟು 0 ಎಂದರೆ ಇಬ್ಬರೂ ಒಬ್ಬರೇ ಎಂದು ತಿಳಿದು, ಎರಡನೆಯವರನ್ನು ಸೇರಿಸದೆ ಬಿಡುತ್ತದೆ. ಎರರ್ ಇಲ್ಲ, ಏನೂ ಇಲ್ಲ. ಒಂದು ಮನೆಯ ಹಾಲಿನ ದುಡ್ಡು ಪಟ್ಟಿಯಿಂದಲೇ ಮಾಯವಾದರೆ ಏನು ಗತಿ, ಅಲ್ವಾ? ಪುಣ್ಯಕ್ಕೆ ಹಣ ಹಂಚುವ ಮೊದಲೇ ಕಣ್ಣಿಗೆ ಬಿತ್ತು.

ಈಗ ಲೀಟರ್ ಸಮ ಇದ್ದರೆ ಸದಸ್ಯ ಸಂಖ್ಯೆ ಹೋಲಿಸುತ್ತೇನೆ. ಎರಡೂ ಕಡೆ ಅದೇ ಸದಸ್ಯರಾಗಿದ್ದರೆ ಮಾತ್ರ 0. ಟೆಸ್ಟ್‌ಗಳಲ್ಲಿ ಮೊದಲನೆಯದಕ್ಕೆ ತಲಾ 8.5 ಲೀಟರ್ ಹಾಕಿದ ಇಬ್ಬರು ಸದಸ್ಯರನ್ನೇ ಇಟ್ಟಿದ್ದೇನೆ. ಇಬ್ಬರೂ ಪಟ್ಟಿಯಲ್ಲಿ ಇರಬೇಕು.