ಎರಡು ಕೈಯ ಕತ್ತಿ: ಉದ್ದಕ್ಕಿಂತ ಮೊದಲು ದಪ್ಪ

ಎರಡು ಕೈಯಲ್ಲಿ ಹಿಡಿಯುವ ಕತ್ತಿ ಎಂದೊಡನೆ ಎಲ್ಲರೂ ಉದ್ದವೆಷ್ಟು ಎಂದು ಕೇಳುತ್ತಾರೆ. ನಾನು ಕೇಳುವುದು ದಪ್ಪವನ್ನು. ನನ್ನ ಮೊದಲ ಕತ್ತಿಯ ಅಲಗು ಬುಡದಿಂದ ಮೊನೆಯವರೆಗೂ 6 ಮಿಲಿಮೀಟರ್ ಇತ್ತು. ಬೀಸಿದ ಮೇಲೆ ಅದನ್ನು ನಿಲ್ಲಿಸುವುದೇ ಕಷ್ಟವಾಗುತ್ತಿತ್ತು. 16ನೇ ಶತಮಾನದ ಯುರೋಪಿನಲ್ಲಿ ಕಾಳಗಕ್ಕೆಂದು ಮಾಡಿದ ಇಂಥ ಕತ್ತಿಗಳ ತೂಕ ಬಹುಮಟ್ಟಿಗೆ 2ರಿಂದ 3.5 ಕಿಲೋ ಮಾತ್ರ. ಮೆರವಣಿಗೆಯ ಕತ್ತಿಗಳು ಬೇರೆ, ಅವು ಇನ್ನೂ ಭಾರ.

ಉಕ್ಕಿಗೆ 5160 ಎಂಬ ದರ್ಜೆಯ ಸ್ಪ್ರಿಂಗ್ ಉಕ್ಕು ಸಾಕು. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಬಳಸಬೇಡಿ: ಒಳಗಿನ ಕೂದಲೆಳೆಯ ಬಿರುಕು ಕಣ್ಣಿಗೆ ಬೀಳುವುದಿಲ್ಲ.

ಅಲಗು ಬುಡದಲ್ಲಿ 7, ನಡುವೆ 5, ಮೊನೆಯ ಬಳಿ 3 ಮಿಲಿಮೀಟರ್ ಆಗುವಂತೆ ಬಡಿದು ಇಳಿಸಿ. ಅರ ಹಾಕುವಾಗ ಪ್ರತಿ 10 ಸೆಂಟಿಮೀಟರಿಗೊಮ್ಮೆ ದಪ್ಪ ಅಳೆಯುವ ಕ್ಯಾಲಿಪರ್ ಇಟ್ಟು ನೋಡಿ, ಕಣ್ಣಳತೆಯನ್ನು ನಂಬಬೇಡಿ. ಬಾಯಿಯನ್ನು ಈಗಲೇ ಹರಿತ ಮಾಡದೆ 1.5 ಮಿಲಿಮೀಟರ್ ದಪ್ಪ ಬಿಡಿ. ಹಿಡಿಯೊಳಗೆ ಹೋಗುವ ಬಾಲ ಅಲಗಿನಿಂದ ಹೊರಡುವ ಮೂಲೆಯನ್ನು ದುಂಡಗೆ ಮಾಡಲೇಬೇಕು. ಚೂಪಾದ ಮೂಲೆ ಇದ್ದರೆ ಕತ್ತಿ ಮುರಿಯುವುದು ಅಲ್ಲೇ.

ಇನ್ನು ಹದ. ನನಗೆ ಇಂದಿಗೂ ಎದೆ ಬಡಿದುಕೊಳ್ಳುವ ಹೊತ್ತು ಇದು. ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅದನ್ನು ದಾಟಿ 830ರ ಸುಮಾರಿಗೆ, ಉದ್ದಕ್ಕೂ ಒಂದೇ ಬಣ್ಣ ಬರುವವರೆಗೆ ಕಾಯಿಸಿ. ಎಣ್ಣೆ 50–60 ಡಿಗ್ರಿಯಷ್ಟು ಬೆಚ್ಚಗಿರಲಿ. ಅಲಗಿಗಿಂತ ಉದ್ದದ ಕಬ್ಬಿಣದ ಕೊಳವೆಗೆ ತಳ ಬೆಸೆದು, ಬೀಳದಂತೆ ಕಟ್ಟಿ ನಿಲ್ಲಿಸಿ, ಎಣ್ಣೆ ತುಂಬಿ. ಅಲಗನ್ನು ನೆಟ್ಟಗೆ ಇಳಿಸಿ, ಮೇಲೆ ಕೆಳಗೆ ಮಾತ್ರ ಆಡಿಸಿ. ಅಡ್ಡ ಆಡಿಸಿದರೆ ಬಾಗುತ್ತದೆ. ಎಣ್ಣೆಗೆ ಬೆಂಕಿ ಹತ್ತುತ್ತದೆ ಎಂದೇ ತಿಳಿದು ಕಬ್ಬಿಣದ ಮುಚ್ಚಳ ಹತ್ತಿರವಿಟ್ಟುಕೊಳ್ಳಿ, ಬಯಲಲ್ಲಿ ಮಾಡಿ, ನೀರು ಮಾತ್ರ ಹಾಕಬೇಡಿ. ಆರಿದ ಅಲಗಿನ ಮೇಲೆ ಅರ ಕಚ್ಚದೆ ಜಾರಿದರೆ ಉಕ್ಕು ಗಟ್ಟಿಯಾಗಿದೆ, ಆದರೆ ಗಾಜಿನಂತೆ ಒಡೆಯುತ್ತದೆ. ಆದ್ದರಿಂದ ಅಂದೇ 280 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ ಕಾಯಿಸಿ ಆರಿಸಿ. ಉಜ್ಜಿದ ಉಕ್ಕು ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಹಿಡಿಗೆ ಎರಡು ಹೋಳು ಮರ, ಮೇಲೆ ದಾರ, ಅದರ ಮೇಲೆ ತೊಗಲು. ಕತ್ತಿ ಬೆರಳ ಮೇಲೆ ಸಮವಾಗಿ ನಿಲ್ಲುವ ಬಿಂದು, ಹಿಡಿಯ ಮುಂದೆ ಕೈ ಕಾಯುವ ಅಡ್ಡಪಟ್ಟಿಯಿಂದ 10 ಸೆಂಟಿಮೀಟರ್ ಮುಂದಿದ್ದರೆ ನನ್ನ ಕೈಗೆ ಒಪ್ಪುತ್ತದೆ. ಅದಕ್ಕಿಂತ ಬಹಳ ಮುಂದಿದ್ದರೆ ಹಿಡಿಯ ತುದಿಯ ಗುಂಡನ್ನು ದೊಡ್ಡದು ಮಾಡಲು ಹೋಗಬೇಡಿ, ಅಲಗನ್ನೇ ಇನ್ನಷ್ಟು ಉಜ್ಜಿ. ಕೊನೆಗೆ, ಮೊದಲೇ ಕಾಯಿಸಿ ಮೆತ್ತಗಾಗಿಸಿದ ಬಾಲದ ತುದಿಯನ್ನು ಗುಂಡಿನ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ ಹರಡಿ. ಅಲ್ಲಾಡಿಸಿದರೆ ಸದ್ದು ಬರುತ್ತಿದೆಯೇ? ಇನ್ನೂ ನಾಲ್ಕು ಏಟು ಹಾಕಿ. ಬಾಯಿಗೆ ಸಾಣೆ ಹಿಡಿಯುವುದು ಆಮೇಲೆ.