ಡಿಸ್ಕ್ ತುಂಬಿದಾಗ ನಿಮ್ಮ ಪ್ರೋಗ್ರಾಮಿಂಗ್ ಭಾಷೆ ಏನು ಹೇಳುತ್ತದೆ? ಪರೀಕ್ಷಿಸುವುದು ಹೀಗೆ

ಶಿರಸಿಯ ವಖಾರಿಯೊಂದರಲ್ಲಿ ಚಾಲಿ, ರಾಶಿ, ಬೆಟ್ಟೆ ಅಡಿಕೆ ಲಾಟ್‌ಗಳ ತೂಕ ಬರೆದಿಡುವ ಪ್ರೋಗ್ರಾಂ ಇರಲಿ, ಕಾರವಾರದ ಬಂದರಿನಲ್ಲಿ ಯಾವ ಬೋಟಿಗೆ ಎಷ್ಟು ಬಂಗಡೆ ಬಂತು ಎಂದು ದಾಖಲಿಸುವುದಿರಲಿ, ಕೊನೆಗೆ ಎರಡೂ ಆಪರೇಟಿಂಗ್ ಸಿಸ್ಟಂ ಬಳಿ ‘ಇದನ್ನು ಬರೆದಿಡು’ ಎಂದು ಕೇಳಲೇಬೇಕು. ಆಗದಿದ್ದರೆ ಅದು ಒಂದು ಎರರ್ ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯನ್ನು ನಿಮ್ಮ ಭಾಷೆ ಯಾವ ಸಾಲಿನಲ್ಲಿ ನಿಮಗೆ ತಲುಪಿಸುತ್ತದೆ, ಅಥವಾ ತಲುಪಿಸದೆ ನುಂಗಿಬಿಡುತ್ತದೆಯೇ? ಇದನ್ನು ನಂಬಿಕೆಗೆ ಬಿಡಬಾರದು, ಎರರ್ ಬರಿಸಿಯೇ ನೋಡಬೇಕು.

ಬೇಕಾದದ್ದು ಇಷ್ಟೇ: ಒಂದು ಲಿನಕ್ಸ್ ಯಂತ್ರ, ವಿಂಡೋಸ್ ಇದ್ದವರಿಗೆ ಅದರೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ ಸಾಕು. ಜೊತೆಗೊಂದು ನೋಟ್‌ಬುಕ್. ಪ್ರತಿ ಪರೀಕ್ಷೆಗೂ ಮೂರು ಸಂಗತಿ ಬರೆದುಕೊಳ್ಳಿ: ಎರರ್ ಸಂಖ್ಯೆ ಎಷ್ಟು, ಯಾವ ಸಾಲಿನಲ್ಲಿ ಬಂತು, ಪ್ರೋಗ್ರಾಂ ಮುಗಿದಾಗ ಎಕ್ಸಿಟ್ ಕೋಡ್ (ಮುಗಿಯುವಾಗ ಅದು ಬಿಟ್ಟುಹೋಗುವ ಸಂಖ್ಯೆ, 0 ಅಂದರೆ ಎಲ್ಲ ಸರಿ) ಎಷ್ಟು. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಸುಲಭದ್ದರಿಂದ ಶುರು ಮಾಡೋಣ. ಇಲ್ಲದ ಫೈಲನ್ನು ತೆರೆಯಿರಿ, 2 ಬರಬೇಕು. ಫೋಲ್ಡರ್ ಇರಬೇಕಾದ ಜಾಗದಲ್ಲಿ ಫೈಲ್ ಇದ್ದರೆ 20. ಒಂದು ಫೈಲಿಗೆ ‘ಸಿಎಚ್‌ಮಾಡ್ 000’ ಕೊಟ್ಟು, ಅಂದರೆ ಎಲ್ಲ ಅನುಮತಿ ಕಿತ್ತುಹಾಕಿ, ತೆರೆದರೆ 13, ಅಂದರೆ ಅನುಮತಿ ಇಲ್ಲ. ಬರದೇ ಹೋದರೆ ನೀವು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಕೂತಿದ್ದೀರೋ ನೋಡಿ. ರೂಟ್‌ಗೆ ಈ ಬೀಗ ಲೆಕ್ಕಕ್ಕಿಲ್ಲ. ಡಾಕರ್ ಕಂಟೇನರ್ (ಪ್ರೋಗ್ರಾಂ ಓಡಿಸುವ ಪ್ರತ್ಯೇಕ ಆವರಣ) ಒಳಗೆ ಪರೀಕ್ಷೆ ನಡೆಸುವವರು ಎಡವುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ಅಲ್ಲಿ ಬೇರೆ ಹೇಳದಿದ್ದರೆ ನೀವು ರೂಟ್.

ಕನ್ನಡದಲ್ಲಿ ಫೈಲ್ ಹೆಸರಿಡುವವರು ತಪ್ಪದೆ ಮಾಡಬೇಕಾದ ಪರೀಕ್ಷೆ ಒಂದಿದೆ. ಇಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆ) ಡಿಸ್ಕಿನಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ 3 ಬೈಟ್ ಬೇಕು. ‘ಶಿರಸಿ’ ಅಂದರೆ ಶ, ಗುಡಿಸು, ರ, ಸ, ಗುಡಿಸು. ಐದು ಸಂಕೇತ, 15 ಬೈಟ್. ಅದನ್ನೇ 17 ಸಲ ಜೋಡಿಸಿ ಫೈಲ್ ತೆರೆಯಿರಿ: ಸರಿಯಾಗಿ 255, ತೆರೆದುಕೊಳ್ಳುತ್ತದೆ. ಕೊನೆಗೆ ಒಂದೇ ಒಂದು ಚುಕ್ಕಿ ಸೇರಿಸಿ, ಎರರ್ 36. ಅಕ್ಷರ ಎಣಿಸಿ ‘ನೂರಕ್ಕಿಂತ ಕಡಿಮೆ ಇದೆ, ಸಾಕು’ ಎಂದು ಬಿಟ್ಟ ಪ್ರೋಗ್ರಾಂ ಇಲ್ಲಿ ಸಿಕ್ಕಿಬೀಳುತ್ತದೆ. ಇದೇ ಎರರ್‌ಗೆ ಮ್ಯಾಕ್‌ನಲ್ಲಿ 63 ಎಂಬ ಸಂಖ್ಯೆ. ಹಾಗಾಗಿ ಪರೀಕ್ಷೆಯ ಕೋಡಿನಲ್ಲಿ ಅಂಕಿಯನ್ನೇ ಬರೆಯದೆ ಭಾಷೆ ಕೊಡುವ ಎರರ್‌ನ ಹೆಸರಿನೊಡನೆ ಹೋಲಿಸಿ. ಸಂದೇಶದ ವಾಕ್ಯದೊಡನೆ ಹೋಲಿಸುವುದಂತೂ ಬೇಡವೇ ಬೇಡ, ಯಂತ್ರದ ಭಾಷೆ ಬದಲಾದರೆ ವಾಕ್ಯವೂ ಬದಲಾಗುತ್ತದೆ.

ಇನ್ನು ಮುಖ್ಯ ಪರೀಕ್ಷೆಗೆ ಬರೋಣ, ಡಿಸ್ಕ್ ತುಂಬಿದಾಗಿನದು. ನಿಜವಾಗಿ ತುಂಬಿಸಬೇಕಿಲ್ಲ. ಲಿನಕ್ಸ್‌ನಲ್ಲಿ ‘ಸ್ಲ್ಯಾಶ್ ಡೆವ್ ಸ್ಲ್ಯಾಶ್ ಫುಲ್’ ಎಂಬ ಫೈಲ್ ಇದೆ. ಅದಕ್ಕೆ ಏನೇ ಬರೆದರೂ 28, ಅಂದರೆ ಜಾಗವಿಲ್ಲ. ಪೈಥಾನ್‌ನಲ್ಲಿ ‘ವಿತ್’ ಬಳಸಿ ಇದನ್ನು ತೆರೆದು ‘ಚಾಲಿ’ ಎಂದು ಬರೆಯಿರಿ. ರೈಟ್ ಸಾಲು ಏನೂ ತಕರಾರಿಲ್ಲದೆ 4 ಎಂದು ಉತ್ತರಿಸುತ್ತದೆ, ಅಂದರೆ ನಾಲ್ಕು ಸಂಕೇತ ಬರೆದಾಯಿತು. ಆ ನಾಲ್ಕೂ ಇನ್ನೂ ಮೆಮೊರಿಯ ತಾತ್ಕಾಲಿಕ ಜಾಗವಾದ ಬಫರ್‌ನಲ್ಲೇ ಇವೆ. ‘ವಿತ್’ ಬ್ಲಾಕಿನಿಂದ ಹೊರಬಂದು ಫೈಲ್ ಮುಚ್ಚುವಾಗಲಷ್ಟೇ 28 ಬರುತ್ತದೆ. ಎರರ್ ಹಿಡಿಯುವ ಟ್ರೈ-ಎಕ್ಸೆಪ್ಟ್ ಅನ್ನು ರೈಟ್ ಸಾಲಿಗೆ ಮಾತ್ರ ಸುತ್ತಿದ್ದರೆ ಎರರ್ ಅದರಿಂದ ತಪ್ಪಿಸಿಕೊಂಡಿತು. ಇಡೀ ‘ವಿತ್’ ಬ್ಲಾಕನ್ನು ಅದರೊಳಗೆ ತನ್ನಿ.

ಈಗ ಒಂದು ಸಾಲು ಮುದ್ರಿಸಿ ಮುಗಿಯುವ ಚಿಕ್ಕ ಪ್ರೋಗ್ರಾಂ ಬರೆದು, ಅದರ ಔಟ್‌ಪುಟ್ಟನ್ನು ಅದೇ ‘ಫುಲ್’ ಫೈಲಿಗೆ ತಿರುಗಿಸಿ, ಮುಗಿದೊಡನೆ ‘ಎಕೋ ಡಾಲರ್ ಪ್ರಶ್ನಾರ್ಥಕ’ ಕೊಟ್ಟು ಎಕ್ಸಿಟ್ ಕೋಡ್ ನೋಡಿ. ಸಿ ಭಾಷೆಯಲ್ಲಿ 0, ಎಲ್ಲ ಸರಿಯಾಯಿತು ಎಂಬಂತೆ. ಬಫರ್ ಖಾಲಿಯಾಗುವುದು ಪ್ರೋಗ್ರಾಂ ಮುಗಿಯುವಾಗ, ಆಗ ಬಂದ ಎರರನ್ನು ಯಾರೂ ನೋಡುವುದಿಲ್ಲ. ಗೋ ಭಾಷೆಯ ಪ್ರಿಂಟ್‌ಲೈನ್ ಎರರನ್ನು ಕೈಗೆ ಕೊಡುತ್ತದೆ, ನಾವು ತೆಗೆದುಕೊಳ್ಳದೆ ಬಿಟ್ಟರೆ ಅಲ್ಲೂ 0. ಜಾವಾದ ಪ್ರಿಂಟ್‌ಲೈನ್ ಒಳಗೇ ನುಂಗಿ 0 ಕೊಡುತ್ತದೆ, ‘ಚೆಕ್‌ಎರರ್’ ಎಂದು ನಾವಾಗಿಯೇ ಕೇಳಬೇಕು. ರಸ್ಟ್ ಪ್ಯಾನಿಕ್ ಆಗಿ, ಅಂದರೆ ಅಲ್ಲೇ ನಿಂತು, 101 ಕೊಡುತ್ತದೆ. ಪೈಥಾನ್ 3.6ರಿಂದ ಈಚೆಗೆ 120. ಸಿ ಬರೆಯುವವರು ಕೊನೆಯಲ್ಲಿ ‘ಎಫ್‌ಫ್ಲಶ್’ ಮಾಡಿ, ಅಂದರೆ ಬಫರ್ ಖಾಲಿ ಮಾಡಿಸಿ, ಅದರ ಉತ್ತರ ನೋಡುವುದನ್ನು ರೂಢಿ ಮಾಡಿಕೊಳ್ಳಲಿ. ರಸ್ಟ್‌ನವರೂ ನಿಶ್ಚಿಂತರಲ್ಲ: ಬಫ್‌ರೈಟರ್ (ಬಫರ್ ಮೂಲಕ ಬರೆಯುವ ಸಾಧನ) ತಾನಾಗಿ ಡ್ರಾಪ್ ಆಗುವಾಗ, ಅಂದರೆ ಕೆಲಸ ಮುಗಿದು ತೆರವಾಗುವಾಗ, ಬಂದ ಎರರ್ ಕಾಣುವುದಿಲ್ಲ, ಮೊದಲೇ ಫ್ಲಶ್ ಮಾಡಬೇಕು.

ಅರ್ಧ ಬರೆದು ನಿಲ್ಲುವುದನ್ನು ನೋಡಲು 1 ಎಂಬಿಯ ಟಿಎಂಪಿಎಫ್ಎಸ್ (ಮೆಮೊರಿಯಲ್ಲೇ ಇರುವ ಡಿಸ್ಕ್) ಮೌಂಟ್ ಮಾಡಿ (ಇದಕ್ಕೆ ಸುಡೋ, ಅಂದರೆ ರೂಟ್ ಅಧಿಕಾರ ಬೇಕು). ಅದರಲ್ಲಿ 600 ಕೆಬಿಯ ಲಾಟ್ ಪುಸ್ತಕ ಇಡಿ, ಇನ್ನೊಂದು ದೊಡ್ಡ ಫೈಲಿನಿಂದ ಉಳಿದ ಜಾಗವನ್ನು ತುಂಬಿಸಿ. ಈಗ ಪುಸ್ತಕವನ್ನು ‘ಡಬ್ಲ್ಯೂ’ ಮೋಡ್‌ನಲ್ಲಿ ತೆರೆದು 900 ಕೆಬಿ ಬರೆಯಲು ನೋಡಿ. ತೆರೆದ ಕ್ಷಣವೇ ಹಳೆಯ ಪುಸ್ತಕ ಸೊನ್ನೆಯಾಯಿತು, ಹೊಸದು ನಡುವೆಯೇ 28 ಎಂದು ನಿಂತಿತು. ಹಳೆಯದೂ ಇಲ್ಲ, ಹೊಸದೂ ಇಲ್ಲ. ಕೊನೆಕೊಯ್ಲಿನ ಹಂಗಾಮಿನ ಲೆಕ್ಕ ಹೀಗೆ ಹೋದರೆ ಬೆಳೆಗಾರರಿಗೆ ಉತ್ತರ ಕೊಡುವವರು ಯಾರು? ಮೊದಲು ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಫೈಲಿಗೆ ಬರೆಯಿರಿ, ‘ಎಫ್‌ಸಿಂಕ್’ ಮಾಡಿ (ಬರೆದದ್ದನ್ನು ನಿಜವಾಗಿ ಡಿಸ್ಕಿಗೆ ತಲುಪಿಸುವ ಕರೆ), ಎರರ್ ಇಲ್ಲದಿದ್ದರೆ ಮಾತ್ರ ಹಳೆಯ ಹೆಸರಿಗೆ ರೀನೇಮ್ ಮಾಡಿ. ತಾತ್ಕಾಲಿಕ ಫೈಲ್ ಬೇರೆ ಡಿಸ್ಕಿನಲ್ಲಿದ್ದರೆ ರೀನೇಮ್ 18 ಎಂದು ನಿರಾಕರಿಸುತ್ತದೆ.

ತೆರೆದ ಫೈಲ್‌ಗಳ ಮಿತಿಗೆ ‘ಯುಲಿಮಿಟ್ ಮೈನಸ್ ಎನ್ 16’ ಕೊಡಿ. 0, 1, 2 (ಇನ್‌ಪುಟ್, ಔಟ್‌ಪುಟ್, ಎರರ್ ಸಂದೇಶಗಳಿಗಾಗಿ) ಮೊದಲೇ ಹಂಚಿಹೋಗಿರುವುದರಿಂದ ನಿಮಗೆ ಉಳಿಯುವುದು ಹೆಚ್ಚೆಂದರೆ 13, ಆಮೇಲೆ 24. ಪೈಥಾನ್‌ನಲ್ಲಿ ತೆರೆದ ಫೈಲ್‌ಗಳನ್ನು ಒಂದು ಲಿಸ್ಟ್‌ನಲ್ಲಿ ಹಿಡಿದಿಡಿ, ಇಲ್ಲದಿದ್ದರೆ ಅವು ತಾವೇ ಮುಚ್ಚಿಕೊಂಡು ಎರರ್ ಬರುವುದೇ ಇಲ್ಲ. ಎರರ್ ಬಂದ ಮೇಲೆ ಲಾಗ್ ಫೈಲ್ ತೆರೆಯಲು ಹೊರಟರೆ ಅದೂ 24ರಲ್ಲೇ ಸೋಲುತ್ತದೆ, ಲಾಗನ್ನು ಮೊದಲೇ ತೆರೆದಿಡಿ.

ಕೆಟ್ಟ ಡಿಸ್ಕ್ ಕೈಯಲ್ಲಿ ಇಲ್ಲದೆಯೂ ಎರರ್ 5 (ಓದು-ಬರಹ ವಿಫಲ, ಹೆಸರು ‘ಇಐಓ’) ಬರಿಸಲು, ಪ್ರೋಗ್ರಾಂನ ಸಿಸ್ಟಂ ಕಾಲ್‌ಗಳನ್ನು, ಅಂದರೆ ಅದು ಆಪರೇಟಿಂಗ್ ಸಿಸ್ಟಂಗೆ ಸಲ್ಲಿಸುವ ಕೋರಿಕೆಗಳನ್ನು, ತೋರಿಸುವ ಸ್ಟ್ರೇಸ್ ಇದೆ. 2016ರ ಕೊನೆಯಲ್ಲಿ ಬಂದ 4.15ನೇ ಆವೃತ್ತಿಯಿಂದ ಅದು ಸಿಸ್ಟಂ ಕಾಲ್‌ಗಳಿಗೆ ಸುಳ್ಳು ಎರರ್ ತುಂಬಬಲ್ಲದು. ಎಫ್‌ಸಿಂಕ್‌ಗೆ ‘ಇಐಓ’ ಕೊಟ್ಟು ‘ವೆನ್’ ಎಂಬಲ್ಲಿ 1 ಎಂದು, ಅಂದರೆ ಮೊದಲ ಕಾಲ್‌ಗೇ ಎಂದು, ಹಾಕಿ. ಫೈಲ್ ತೆರೆಯುವ ಕಾಲ್‌ಗೆ ಇದನ್ನೇ ಮಾಡಿದರೆ ಜಾಗ್ರತೆ: ಪೈಥಾನ್ ಶುರುವಾಗುವಾಗಲೇ ತನ್ನ ಲೈಬ್ರರಿಗಳಿಗಾಗಿ ಹಲವು ಫೈಲ್ ತೆರೆಯುತ್ತದೆ, ನಿಮ್ಮ ಎರರ್ ಅಲ್ಲಿ ಹೋಗಿ ಬೀಳುತ್ತದೆ. ಮೊದಲು ಬರೀ ಸ್ಟ್ರೇಸ್ ಓಡಿಸಿ ನಿಮ್ಮದು ಎಷ್ಟನೆಯ ಕಾಲ್ ಎಂದು ಎಣಿಸಿಕೊಳ್ಳಿ.

ಎಫ್‌ಸಿಂಕ್ ಸೋತರೆ ಇನ್ನೊಮ್ಮೆ ಕರೆದರಾಯಿತು ಎಂದು ಬರೆದಿದ್ದರೆ ಆ ಸಾಲು ತೆಗೆಯಿರಿ. ಲಿನಕ್ಸ್ ಒಮ್ಮೆ ಎರರ್ ಹೇಳಿದ ಮೇಲೆ, ಡಿಸ್ಕಿಗೆ ಹೋಗದ ಪುಟಗಳನ್ನೂ (ಮೆಮೊರಿಯ ತುಂಡುಗಳನ್ನೂ) ‘ಬರೆದಾಗಿದೆ’ ಎಂದು ಗುರುತಿಸಿಬಿಡಬಹುದು. ಎರಡನೆಯ ಎಫ್‌ಸಿಂಕ್ ಗೆದ್ದಂತೆ ಕಾಣುತ್ತದೆ, ದತ್ತಾಂಶ ಮಾತ್ರ ಡಿಸ್ಕಿನಲ್ಲಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಕಟ್ಟುವವರ ನಡುವೆ 2018ರಲ್ಲಿ ಇದೇ ದೊಡ್ಡ ಚರ್ಚೆಯಾಗಿ, 2019ರಿಂದ ಎಫ್‌ಸಿಂಕ್ ಸೋತರೆ ಡೇಟಾಬೇಸ್ ಅಲ್ಲೇ ನಿಂತು, ಮತ್ತೆ ಶುರುವಾಗುವಾಗ ತನ್ನ ಲಾಗ್‌ನಿಂದ ಎಲ್ಲವನ್ನೂ ಕಟ್ಟಿಕೊಳ್ಳುವಂತೆ ಬದಲಾಯಿಸಿದರು. ನಿಮ್ಮ ಪ್ರೋಗ್ರಾಂ ಬಳಿ ಅಂಥ ಲಾಗ್ ಇಲ್ಲದಿದ್ದರೆ ಮೂಲ ದತ್ತಾಂಶವನ್ನು ಮೆಮೊರಿಯಲ್ಲಿ ಉಳಿಸಿಕೊಂಡು, ಹೊಸ ಫೈಲಿಗೆ ಮೊದಲಿನಿಂದ ಬರೆಯಿರಿ.