ಬಣ್ಣ ಆರಿಸಿದ್ದು ಜುಲೈ ತಿಂಗಳನ್ನು ನೆನೆದು

ಮೊದಲ ಸಲ ನಮ್ಮ ಮನೆಗೆ ಬಣ್ಣ ಆರಿಸಿದ್ದು ಮಡಿಕೇರಿಯ ಅಂಗಡಿಯಲ್ಲಿ, ಟ್ಯೂಬ್‌ಲೈಟ್ ಬೆಳಕಲ್ಲಿ, ಶೇಡ್ ಕಾರ್ಡ್ ನೋಡಿ. ಹಾಲು ಬಿಳುಪು. ಮಾರ್ಚ್‌ನಲ್ಲಿ ನೋಡಲು ಚೆಂದವೇ ಇತ್ತು. ಜುಲೈ ಮುಗಿಯುವಷ್ಟರಲ್ಲಿ ಬುಡಕ್ಕೆಲ್ಲ ಕೆಮ್ಮಣ್ಣು ಸಿಡಿದಿತ್ತು, ಮಳೆ ಹೊಡೆಯುವ ಪಡುವಣ ಗೋಡೆ ಪಾಚಿಗಟ್ಟಿತ್ತು. ಪೇಂಟಿನ ತಪ್ಪಲ್ಲ, ನನ್ನದೇ.

ಎರಡನೇ ಸಲ ಅಕ್ಟೋಬರ್‌ನಲ್ಲೇ ಶುರು ಮಾಡಿದೆ. ಮೂರು ಬಣ್ಣದ ಚಿಕ್ಕ ಡಬ್ಬ ತಂದು, ಪ್ರೈಮರ್ ಹೊಡೆದು, ಮುಂದಿನ ಗೋಡೆಗೂ ಪಡುವಣ ಗೋಡೆಗೂ ಎರಡಡಿ ಚೌಕ ಬಳಿದೆ. ವಾರವಿಡೀ ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತಿದ್ದೆ. ಕಾರ್ಡಿನಲ್ಲಿ ಸ್ಟೈಲಾಗಿದ್ದ ಬೂದು, ಮಂಜು ಕವಿದಾಗ ಸುಮ್ನೆ ಒದ್ದೆ ಸಿಮೆಂಟಿನ ಹಾಗೆ ಕಾಣಿಸಿತು. ಹಳದಿ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕುಕ್ಕಿತು. ಹಂಚಿನ ಕೆಂಪಿಗೆ ಹೊಂದಿದ್ದು ತಿಳಿ ಗಂಧದ ಬಣ್ಣ ಮಾತ್ರ. ಬುಡದಿಂದ ಮೂರಡಿ ಅಂಗಳದ ಮಣ್ಣಿನದೇ ಕಂದು ಕೆಂಪು. ಅಜ್ಜಿ ಮನೆಯಲ್ಲೂ ಇಂಥದ್ದೇ ಪಟ್ಟಿ ಇತ್ತು, ಆಗ ಅಂದಕ್ಕೆ ಅಂದುಕೊಂಡಿದ್ದೆ!

ಫಿನಿಶ್ ವಿಷಯದಲ್ಲಿ ಮೇಸ್ತ್ರಿಗೂ ನನಗೂ ಜಟಾಪಟಿ. ಹೊಳಪಿನದಾದರೆ ಧೂಳು, ಕೊಳೆ ಬೇಗ ತೊಳೆದುಹೋಗುತ್ತದೆ, ಪೂರ್ತಿ ಅದನ್ನೇ ಹೊಡೆಸೋಣ ಎಂದೆ. "ಸಂಜೆ ಬಿಸಿಲಿಗೆ ಬಂದು ನೋಡಿ ಸಾರ್" ಎಂದು ಮುಂದಿನ ಗೋಡೆಯ ಮೇಲೆ ಒಂದು ತುಂಡು ಹೊಡೆದು ಬಿಟ್ಟರು. ನಮ್ಮದು ಹಳೇ ಗಾರೆ. ಓರೆ ಬಿಸಿಲಿಗೆ ಉಬ್ಬುತಗ್ಗೆಲ್ಲ ಎದ್ದು ಕಂಡಿತು. ಹಾಗಾಗಿ ಮುಂದಕ್ಕೆ ಹೊಳಪಿಲ್ಲದ ಮ್ಯಾಟ್, ಮಳೆ ಹೊಡೆಯುವ ಕಡೆಗೆ ಹೊಳಪಿನದು. ಒಂದೇ ಶೇಡ್ ಆದರೂ ಎರಡು ಫಿನಿಶ್‌ನಲ್ಲಿ ಬೇರೆ ಬೇರೆ ಕಾಣುತ್ತದೆ. ಅದಕ್ಕೇ ಬದಲಾಯಿಸಿದ್ದು ಮನೆಯ ಮೂಲೆಯಲ್ಲಿ, ಗೋಡೆಯ ಮಧ್ಯೆ ಅಲ್ಲ.

ಪಾಚಿಯ ಮೇಲೇ ಬಣ್ಣ ಹೊಡೆದರೆ ಪದರವೇ ಎದ್ದು ಬರುತ್ತದೆ. ಬ್ಲೀಚಿಂಗ್ ಪೌಡರ್ ನೀರು ಬಳಿದು, ಸ್ವಲ್ಪ ಹೊತ್ತು ಬಿಟ್ಟು, ತಂತಿ ಬ್ರಷ್‌ನಲ್ಲಿ ಉಜ್ಜಿ ತೊಳೆಸಿದೆ. ಚೆನ್ನಾಗಿ ಒಣಗಿದ ಮೇಲೆ ಪ್ರೈಮರ್, ಆಮೇಲೆ ಎರಡು ಕೋಟ್ ಎಕ್ಸ್‌ಟೀರಿಯರ್ ಎಮಲ್ಷನ್. ಜನವರಿಯಲ್ಲಿ ಎಲ್ಲರೂ ಕಾಫಿ ಕುಯ್ಲಿಗೆ ಹೋಗುತ್ತಾರೆ, ಆಳು ಸಿಗುವುದಿಲ್ಲ. ತಡ ಮಾಡಿದರೆ ಕಾಫಿ ಹೂ ಅರಳಿಸುವ ಹೂ ಮಳೆ. ಫೆಬ್ರವರಿ ಕೊನೆಯಲ್ಲಿ ಹೇಗೋ ಮುಗಿಸಿದೆವು.

ಒಂದು ಮಳೆಗಾಲ ಕಳೆಯಿತು. ಪಡುವಣ ಕಿಟಕಿಯ ಪಕ್ಕ ಮಾತ್ರ ಗೇಣುದ್ದ ಪಾಚಿ ಬಂದಿದೆ. ಸಜ್ಜದ ನೀರು ಅಡಿಯಿಂದ ಹರಿದು ಗೋಡೆಗೇ ಇಳಿಯುತ್ತಿದೆ. ಅಂಚಿನ ಅಡಿಗೆ ನೀರು ಅಲ್ಲೇ ತೊಟ್ಟಿಕ್ಕುವಂತೆ ಒಂದು ಗೀರು ಹೊಡೆಸಬೇಕು, ಮೇಸ್ತ್ರಿ ಬರಲಿ ಅಂತ ಕಾಯುತ್ತಿದ್ದೇನೆ.